ಮೂಗಿನವಳ ಜಾಗ

"ಏ ಮುಂಡೇ, ಅದೇನು ಕೂಸಾ ತೂಗ್ತಿರೋದು? ಗಟ್ಟಿಯಾಗಿ ತಬ್ಕೊಳ್ಳೇ! ಗಂಡನ್ನ ತಬ್ಕೊಂಡಿದ್ದು ಮರ್ತೇಹೋಯ್ತಾ?"

ಮೇಸ್ತ್ರಿ ಈ ಮಾತನ್ನು ದಿನಕ್ಕೆ ಹತ್ತು ಸಲವಾದರೂ ಯಾರಿಗಾದರೂ ಅನ್ನುತ್ತಿದ್ದ. ಚಿಕ್ಕಿ ತಲೆ ಎತ್ತಲಿಲ್ಲ. ಎತ್ತಿದರೆ ಎಣಿಕೆ ತಪ್ಪುತ್ತಿತ್ತು. ಅರವತ್ತೆರಡು, ಅರವತ್ತಮೂರು. ಡ್ರಮ್ಮಿನೊಳಗೆ ಅರ್ಧ ಬಕೆಟ್ ಜಲ್ಲಿಕಲ್ಲು, ಒಂದು ಹಿಡಿ ಸೋಡ, ಕೈ ಸುಡುವಷ್ಟು ಬಿಸಿನೀರು. ಮುಚ್ಚಳ ಬಿಗಿದು, ಡ್ರಮ್ಮನ್ನು ಓರೆಯಾಗಿ ಅಂಚಿನ ಮೇಲೆ ನಿಲ್ಲಿಸಿ, ಎರಡೂ ತೋಳಿನಿಂದ ಬಳಸಿ ಎದೆಗೆ ಅವುಚಿಕೊಂಡು ನೂರು ಸಲ ಅತ್ತಿತ್ತ ಕುಲುಕಬೇಕು. ಮುಚ್ಚಳ ಎಷ್ಟು ಬಿಗಿದರೂ ಸೋರುತ್ತಿತ್ತು. ಸೋರಿದ್ದು ಅಂಗಿಯ ಒಳಗಿಳಿದು ಹೊಟ್ಟೆಯವರೆಗೂ ಹೋಗುತ್ತಿತ್ತು. ಬೆಳಿಗ್ಗೆ ಏಳಕ್ಕೆ ಒದ್ದೆಯಾದ ಎದೆ ಸಂಜೆ ಐದಕ್ಕೂ ಒದ್ದೆಯೇ.

"ಯಾರನ್ನ ಹೆಂಗೆ ತಬ್ಕೋಬೇಕು ಅಂತ ನಿನ್ನ ಹೆಂಡ್ತೀನ ಕೇಳು ಮೇಸ್ತ್ರಿ," ಎಂದು ಪಕ್ಕದ ಡ್ರಮ್ಮಿನಿಂದ ಗಟ್ಟಿಗಂಟಲು ಕೂಗಿದಳು. "ನೀನು ಇಲ್ಲಿ ನಮ್ಮನ್ನ ಕಾಯ್ತಾ ಇರ್ತೀಯ. ಅವಳು ಪಾಪ ಅಲ್ಲಿ ಯಾರನ್ನ ತಬ್ಕೊಂಡು ಕಲೀತಿದಾಳೋ!"

ಅಂಗಳದ ಇಪ್ಪತ್ತು ಡ್ರಮ್ಮುಗಳ ಹಿಂದಿನಿಂದ ಇಪ್ಪತ್ತು ನಗು ಎದ್ದವು. ಆ ಹೆಂಗಸಿಗೆ ಗಟ್ಟಿಗಂಟಲು ಎಂದು ಹೆಸರಿಟ್ಟವರು ಯಾರೋ, ಅವಳಿಗೆ ಅದು ಒಪ್ಪಿತ್ತು.

"ಬಾಯಿ ಮುಚ್ಚೇ ಲೌಡಿ! ಏ ಚಿಕ್ಕಿ, ಧಣಿ ಕರೀತಿದಾರೆ. ನೂರು ಮುಗಿಸ್ಕೊಂಡು ಹೋಗು."

ಚಿಕ್ಕಿ ನೂರು ಮುಗಿಸಿದಳು. ಆಮೇಲೆ ಇನ್ನೂ ಇಪ್ಪತ್ತು ಕುಲುಕಿದಳು. ಧಣಿ ಕರೆದರೆ ಒಳ್ಳೆಯದಕ್ಕೆ ಕರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಕಾರ್ಖಾನೆಗಳಿಂದ ಏನೇನೋ ತುಂಬಿಕೊಂಡು ಬಂದು ಖಾಲಿಯಾದ ನೀಲಿ ಡ್ರಮ್ಮುಗಳನ್ನು ತೊಳೆದು ಮನೆಗಳಿಗೆ ಮಾರುವ ಅಂಗಳ ಅದು. ತೊಳೆದ ಡ್ರಮ್ಮು ಮೂರು ದಾರಿ ಹಿಡಿಯುತ್ತಿತ್ತು. ಕೆಲವು ಕುಡಿಯುವ ನೀರಿಗೆ, ಕೆಲವು ಬಚ್ಚಲಿಗೆ, ಉಳಿದವು ಕಟ್ಟಡದ ಕೆಲಸಕ್ಕೆ. ಯಾವುದು ಯಾವುದಕ್ಕೆ ಎಂದು ಹೇಳುತ್ತಿದ್ದವಳು ಚಿಕ್ಕಿಯ ಅಕ್ಕ. ಹನ್ನೊಂದು ವರ್ಷ ಅದೇ ಕೆಲಸ. ತಗಡಿನ ಮಾಡಿನ ಕೆಳಗೆ, ನೆರಳಲ್ಲಿ, ಒಂದು ಸ್ಟೂಲಿನ ಮೇಲೆ ಅಕ್ಕ ಕೂತಿರುತ್ತಿದ್ದಳು. ತೊಳೆದ ಡ್ರಮ್ಮು ಮುಂದೆ ಬಂದರೆ ಭುಜದವರೆಗೂ ತಲೆ ಒಳಗೆ ಹಾಕಿ ಉದ್ದಕ್ಕೆ ಉಸಿರೆಳೆದುಕೊಳ್ಳುವಳು. ಕಣ್ಣು ಉರಿದರೆ ಕಟ್ಟಡಕ್ಕೆ. ಕೊಳೆತ ನಾತ ಬಂದರೆ ಬಚ್ಚಲಿಗೆ. ಮಾಗಿದ ಹಣ್ಣಿನ ಹಾಗೆ, ಹೂವಿನ ಹಾಗೆ ಘಮ್ಮೆಂದರೆ ಅಕ್ಕ ಒಳಗಿನಿಂದಲೇ, "ನೀರಿಗೆ ಆಗತ್ತೆ!" ಎಂದು ಕೂಗುವಳು. ಡ್ರಮ್ಮಿನೊಳಗಿಂದ ಆ ದನಿ ರಾಣಿಯ ದನಿಯ ಹಾಗೆ ಮೊಳಗುತ್ತಿತ್ತು. ಮಾರಾಟಗಾರರು ಕೂಡ, "ಮೂಗಿನವಳು ಪಾಸು ಮಾಡಿದ್ದಾ?" ಎಂದು ಕೇಳಿಯೇ ಒಯ್ಯುತ್ತಿದ್ದರು. ಘಮಘಮ ಎನ್ನುವುದು ಶುದ್ಧ, ನಾರುವುದು ಕೆಟ್ಟದ್ದು. ಇದನ್ನು ಯಾರೂ ಅವಳಿಗೆ ಕಲಿಸಿದ್ದಲ್ಲ, ಯಾರೂ ಅಲ್ಲ ಎಂದದ್ದೂ ಇಲ್ಲ. ಎಲ್ಲಕ್ಕಿಂತ ಘಮ್ಮೆಂದ ಒಂದು ಡ್ರಮ್ಮನ್ನು ಆರಿಸಿ ಅಕ್ಕ ತನ್ನ ಮನೆಗೇ ತಂದಿಟ್ಟುಕೊಂಡಿದ್ದಳು.

ಆಮೇಲೆ ಅಕ್ಕನ ಎಡಗಡೆ ಎದೆಯಲ್ಲಿ ಗಂಟು. ಮುಲಾಮು ಹಚ್ಚಿ ಹಚ್ಚಿ ಒಂದು ವರ್ಷ ಕಳೆಯಿತು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಗಂಟು ತೋಳಿನ ಸಂದಿಗೂ ಹಬ್ಬಿತ್ತು.

"ಅಲ್ಲೇ ನಿಲ್ಲು, ಅಲ್ಲೇ!" ಧಣಿ ಬೆರಳೆತ್ತಿದ. "ಈಗ ತಾನೇ ನೆಲ ಒರಸಿದಾರೆ. ಆ ಗೋಣಿ ಮೇಲೆ ನಿಂತ್ಕೋ."

ಚಿಕ್ಕಿ ಹೊಸಿಲಾಚೆ ಗೋಣಿಯ ಮೇಲೆ ನಿಂತಳು. ಅಂಗಿಯಿಂದ ತೊಟತೊಟ ಹನಿ ಬೀಳುತ್ತಿತ್ತು. ಧಣಿ ಸೀಲು ಒಡೆದು ಬಾಟಲಿಯಿಂದ ನೀರು ಕುಡಿದ. ಮಾತು ಮಾತ್ರ ಬೆಣ್ಣೆಯಂಥದ್ದು.

"ನಿಮ್ಮಕ್ಕ ಹೋಗಿ ಎಷ್ಟು ದಿನ ಆಯ್ತು?"

"ಹದಿನಾಲ್ಕು ತಿಂಗಳು ಧಣಿ."

"ಪಾಪ. ಅಂಥ ಮೂಗು ಇನ್ನೊಂದು ಸಿಗಲ್ಲ. ಅವಳ ಜಾಗಕ್ಕೆ ಇಬ್ಬರನ್ನ ಕೂರಿಸಿ ನೋಡ್ದೆ. ಒಬ್ಬಳಿಗೆ ಎಲ್ಲಾ ಘಮ ಅನ್ನತ್ತೆ, ಇನ್ನೊಬ್ಬಳಿಗೆ ಎಲ್ಲಾ ನಾರತ್ತೆ. ಡ್ರಮ್ಮು ವಾಪಸ್ ಬರ್ತಿವೆ. ಅವಳ ಮಗಳು ಓದು ಮುಗಿಸಿದ್ಲಂತಲ್ಲ? ಮೂಗು ರಕ್ತದಲ್ಲಿ ಬರತ್ತೆ ಕಣಮ್ಮ. ಸೋಮವಾರದಿಂದ ಕಳಿಸು. ಅಮ್ಮನ ಜಾಗ ಮಗಳಿಗೆ. ಬೇರೆ ಯಾವ ಧಣಿ ಮಾಡ್ತಾನೆ ಹೇಳು ಇದನ್ನ?"

"ಅವಳಿನ್ನೂ ಚಿಕ್ಕವಳು ಧಣಿ..."

"ಹದಿನೆಂಟು ಆಗಿದೆ, ಮೇಸ್ತ್ರಿ ವಿಚಾರಿಸಿದಾನೆ." ಧಣಿ ಬಾಟಲಿಯ ಮುಚ್ಚಳ ತಿರುಗಿಸಿದ. "ಇನ್ನೊಂದು ಮಾತು. ನೀನು ರಾತ್ರಿಶಾಲೆಗೆ ಹೋಗಿ ಅಕ್ಷರ ಕಲ್ತಿದೀಯಂತೆ. ಸಂತೋಷ. ಆರೋಗ್ಯದೋರಿಗೆ ಕಾಗದಾನೂ ಬರೀತಿದೀಯಂತೆ. ಬರಿ, ನಾನು ಬೇಡ ಅನ್ನಲ್ಲ. ಆದ್ರೆ ಅವರು ಬಂದು ಕೇಳ್ತಾರಲ್ಲ, ಈ ಡ್ರಮ್ಮು ಕುಡಿಯೋ ನೀರಿಗೆ ಆಗತ್ತೆ ಅಂತ ಹೇಳಿದ್ದು ಯಾರು ಅಂತ? ನಾನಾ? ನಾನು ಇವತ್ತಿನವರೆಗೂ ಒಂದು ಡ್ರಮ್ಮನ್ನೂ ಮೂಸಿದೋನಲ್ಲ. ಮೂಸಿದೋಳು ನಿಮ್ಮಕ್ಕ. ಸತ್ತೋಳ ಹೆಸರಿಗೆ ಯಾಕೆ ಮಸಿ ಬಳೀತೀಯ?"

ಅಂಗಳಕ್ಕೆ ವಾಪಸ್ ಬಂದು ಚಿಕ್ಕಿ ಮತ್ತೆ ಡ್ರಮ್ಮಿಗೆ ತೋಳು ಹಾಕಿದಳು. ಎಷ್ಟು ಎಣಿಸಿದರೂ ಹದಿನಾಲ್ಕರ ಮುಂದೆ ಎಣಿಕೆ ಹೋಗಲಿಲ್ಲ.

"ಏನಂದ ಆ ಬೋಳಿಮಗ?" ಗಟ್ಟಿಗಂಟಲು ಮೊದಲ ಸಲ ಮೆಲ್ಲಗೆ ಕೇಳಿದಳು.

"ಹುಡುಗೀನ ಸ್ಟೂಲಿನ ಮೇಲೆ ಕೂರಿಸ್ಬೇಕಂತೆ."

ಗಟ್ಟಿಗಂಟಲು ತನ್ನ ಡ್ರಮ್ಮನ್ನು ಎದೆಯಿಂದ ಆಚೆ ಸರಿಸಿದಳು. ಅವಳ ಬಲಗಡೆ ಎದೆಯಲ್ಲೂ ಕಡಲೆಕಾಯಿಯಷ್ಟು ಒಂದು ಗಂಟಿತ್ತು. ಅದು ಚಿಕ್ಕಿಗೆ ಮಾತ್ರ ಗೊತ್ತು. ಅಕ್ಕನಾದ ಮೇಲೆ ಇದೇ ಅಂಗಳದ ಇನ್ನಿಬ್ಬರು ಇಂಥದೇ ಗಂಟಿನಿಂದ ಹೋಗಿದ್ದರು. "ನೋಡು, ಕಾಗದ ಕಳಿಸೋದಾದ್ರೆ ಕಳಿಸು. ನನ್ನ ಹೆಸರು ಮಾತ್ರ ಹಾಕ್ಬೇಡ. ಮನೇಲಿ ಮಗಳ ಮದುವೆ ಮಾತಾಡ್ತಿದಾರೆ. ಗಟ್ಟಿ ಗಂಟಲಿನೋಳು ಒಬ್ಬಳು ಅಂತ ಬರ್ಕೋ."

"ಹಂಗೆ ಬರೆದ್ರೆ ಈ ಊರಿಗೆಲ್ಲ ಗೊತ್ತಾಗತ್ತಲ್ಲೇ, ನೀನೇ ಅಂತ."

"ಹೂಂ, ಅದೂ ಹೌದು," ಎಂದು ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಆಸ್ಪತ್ರೆಯಲ್ಲಿ ಮೊದಲ ದಿನ ಒಬ್ಬ ಗುಮಾಸ್ತ ಅಕ್ಕನನ್ನು ಕೂರಿಸಿಕೊಂಡು ಒಂದು ಅರ್ಜಿ ತುಂಬಿದ್ದ. ಮೈನೆರೆದದ್ದು ಯಾವಾಗ? ಮೊದಲ ಮಗು ಎಷ್ಟನೇ ವಯಸ್ಸಿಗೆ? ಎಷ್ಟು ತಿಂಗಳು ಹಾಲು ಕೊಟ್ಟೆ? ಹೊಗೆಸೊಪ್ಪು ಹಾಕ್ತೀಯಾ? ಸಾಲಿನಲ್ಲಿ ನಿಂತ ಗಂಡಸರೆಲ್ಲ ಕಿವಿಗೊಟ್ಟು ಕೇಳುತ್ತಿದ್ದರು. ಅಕ್ಕ ತಲೆ ಬಗ್ಗಿಸಿ ಒಂದೊಂದಕ್ಕೂ ಉತ್ತರ ಕೊಟ್ಟಳು. ಕೊನೆಗೆ ಚಿಕ್ಕಿಯೇ ಹೇಳಿದಳು, "ಸಾಮಿ, ಡ್ರಮ್ಮು ತೊಳೆಯೋ ಕೆಲಸ. ಅದನ್ನೂ ಬರ್ಕೊಳ್ಳಿ."

"ಅದಕ್ಕೆ ಇದರಲ್ಲಿ ಜಾಗ ಇಲ್ಲ."

"ಒಂದು ಮೂಲೇಲಿ ಬರೀರಿ."

"ನೀನು ನಂಗೆ ಕೆಲಸ ಕಲಿಸ್ಬೇಡ. ಇದೆಲ್ಲ ರಕ್ತದಲ್ಲಿ ಬರೋದು. ನಿಂಗೂ ಬರಬಹುದು, ಹುಷಾರು."

"ನಮ್ಮ ಅಂಗಳದಲ್ಲಿ ಇನ್ನೂ ಮೂರು ಜನಕ್ಕೆ ಗಂಟಿದೆ ಸಾಮಿ. ಅವರೂ ನಮ್ಮವ್ವನ ಹೊಟ್ಟೇಲೇ ಹುಟ್ಟಿದ್ರಾ?"

ಗುಮಾಸ್ತ ಮುಂದಿನವರನ್ನು ಕರೆದ.

ಡಾಕ್ಟರಮ್ಮ ಒಳ್ಳೆಯವಳು. ಅಕ್ಕ ಅವಳನ್ನು ಬಾಯಿಬಿಟ್ಟು ಕೇಳಿದ್ದಳು, "ನಮ್ಮ ಅಂಗಳದಲ್ಲಿ ನಾಲ್ಕು ಜನಕ್ಕೆ ಗಂಟಿದೆ. ಇದು ಡ್ರಮ್ಮಿಂದ ಬಂತಾ ತಾಯಿ?"

"ಬಂದಿರಬಹುದು, ಇಲ್ಲದೇನೂ ಇರಬಹುದು. ಒಬ್ಬರಿಗೆ ಬಂದಿದ್ದು ಇದರಿಂದಲೇ ಅಂತ ನಾನು ಬೆರಳಿಟ್ಟು ತೋರಿಸಕ್ಕಾಗಲ್ಲ. ಒಂದೇ ಕಡೆ ನಾಲ್ಕು ಜನ ಅಂದ್ರೆ ಯಾರಾದ್ರೂ ಬಂದು ನೋಡ್ಬೇಕು. ಡ್ರಮ್ಮಲ್ಲಿ ಏನಿರ್ತಿತ್ತು?"

"ಏನೋ ತಾಯಿ. ಕೆಟ್ಟದ್ದನ್ನೆಲ್ಲ ನಾನು ಬೇರೆ ಮಾಡ್ತಿದ್ದೆ. ಘಮ್ಮನ್ನೋದು ಮಾತ್ರ ನೀರಿಗೆ."

ಡಾಕ್ಟರಮ್ಮನ ಪೆನ್ನು ನಿಂತಿತು. "ಘಮ್ಮಂದ್ರೆ ಒಳ್ಳೇದು ಅಂತ ಯಾರು ಹೇಳಿದ್ರು ನಿಮಗೆ? ವಾಸನೆಗೂ ವಿಷಕ್ಕೂ ಸಂಬಂಧ ಇಲ್ಲಮ್ಮ. ಕೆಲವು ವಿಷ ಹಣ್ಣಿನ ಹಾಗೇ ಇರತ್ತೆ."

ಅಕ್ಕ ಮನೆಗೆ ಬಂದವಳೇ ತನ್ನ ನೀರಿನ ಡ್ರಮ್ಮನ್ನು ಒದ್ದು ಉರುಳಿಸಿದಳು. ಹರಿದುಹೋಗುವ ನೀರಿನಲ್ಲೇ ಕೂತು, "ಹನ್ನೊಂದು ವರ್ಷ ಕಣೇ," ಎಂದಳು. "ಎಷ್ಟು ಮನೆ! ಎಷ್ಟು ಮಕ್ಕಳು ಕುಡಿದ್ವೋ!"

ಸಾಯುವ ಒಂದು ವಾರ ಮುಂಚೆ ಅಕ್ಕ ಕಾಗದ ಬರೆಸಿದಳು. ಅಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ. ಅವಳು ಹೇಳಿದ್ದನ್ನು ಚಿಕ್ಕಿ ದಪ್ಪ ದಪ್ಪ ಅಕ್ಷರದಲ್ಲಿ ಬರೆದುಕೊಂಡಳು: ಕುಲುಕುವುದು, ಸೋರುವುದು, ಯಾರಿಗೆ ಯಾವ ಕಡೆ ಗಂಟು. ಕೊನೆಗೆ ಅಕ್ಕ, "ನೀರಿಗೆ ಆಗತ್ತೆ ಅಂತ ಮೂಸಿ ಕೊಟ್ಟೋಳು ನಾನೇ ಅಂತ ಬರಿ," ಎಂದಳು. ಚಿಕ್ಕಿಯ ಪೆನ್ನು ಮುಂದೆ ಹೋಗಲಿಲ್ಲ. ಬರೆದ ಹಾಗೆ ಕೈ ಆಡಿಸಿ ಎರಡು ಸಾಲಿನ ಜಾಗ ಬಿಟ್ಟಳು. "ಓದು," ಎಂದಳು ಅಕ್ಕ. ಚಿಕ್ಕಿ ಓದಿದಳು. ಖಾಲಿ ಜಾಗ ಬಂದಾಗ ಅಲ್ಲಿ ಇಲ್ಲದ ಮಾತನ್ನೂ ಇದ್ದ ಹಾಗೆ ಓದಿದಳು. ಅಕ್ಕ ಕಣ್ಣು ಮುಚ್ಚಿಕೊಂಡು, "ಸರಿ. ನಾಳೇನೇ ಹಾಕ್ಬಿಡು," ಎಂದಳು.

ಆ ನಾಳೆಯೇ ಹದಿನಾಲ್ಕು ತಿಂಗಳಾಗಿ ಹೋಗಿತ್ತು.

ಧಣಿ ಕರೆಸಿದ ಆ ಶನಿವಾರ ಸಂಜೆ ಚಿಕ್ಕಿ ಮನೆಗೆ ಬಂದರೆ ಹುಡುಗಿಗೆ ಆಗಲೇ ಸುದ್ದಿ ಮುಟ್ಟಿತ್ತು. ಅಕ್ಕನ ಮಗಳು ಅವಳು. ಅವಳ "ಚಿಕ್ಕಿ, ಚಿಕ್ಕಿ" ಕೇಳಿ ಕೇಳಿಯೇ ಇಡೀ ಅಂಗಳಕ್ಕೆ ಅದು ಹೆಸರಾಗಿತ್ತು.

"ನಾನು ಹೋಗ್ತೀನಿ ಚಿಕ್ಕಿ."

"ಹೋದ್ರೆ ಕಾಲು ಮುರೀತೀನಿ."

"ಯಾಕೆ? ನೆರಳಲ್ಲಿ ಕೂತು ಮಾಡೋ ಕೆಲಸ. ನಿನ್ನ ಹಾಗೆ ಕುಲುಕೋದೂ ಬೇಡ, ಮೇಸ್ತ್ರಿ ಕೈಲಿ ಬೈಸ್ಕೊಳ್ಳೋದೂ ಬೇಡ. ಅಮ್ಮನ ಹೆಸರಿದೆ ಅಲ್ಲಿ. ಮೂಗಿನವಳ ಮಗಳು ಅಂದ್ರೆ ಎಲ್ಲರೂ ಎದ್ದು ನಿಲ್ತಾರೆ."

ಚಿಕ್ಕಿ ಮಾತಾಡದೆ ಪೆಟ್ಟಿಗೆ ತೆಗೆದು, ಬಟ್ಟೆಯ ಅಡಿಯಿಂದ ಕಾಗದ ಎಳೆದು ಅವಳ ಮುಂದಿಟ್ಟಳು. ಹುಡುಗಿ ಓದಿದವಳು. ಸರಸರ ಕಣ್ಣಾಡಿಸಿದಳು. ನಡುನಡುವೆ ತುಟಿ ಕಚ್ಚಿದಳು. ಕೊನೆಗೆ ಬಂದು ನಿಂತಳು.

"ಇಲ್ಲಿ ಯಾಕೆ ಜಾಗ ಬಿಟ್ಟಿದೀಯ?"

ಚಿಕ್ಕಿ ಹೇಳಿದಳು. ಘಮ್ಮೆನ್ನುವುದರ ವಿಷಯ ಹೇಳಿದಳು, ಉರುಳಿಸಿದ ಡ್ರಮ್ಮಿನ ವಿಷಯ ಹೇಳಿದಳು, ಬರೆದ ಹಾಗೆ ನಟಿಸಿದ್ದನ್ನೂ ಹೇಳಿದಳು.

ಹುಡುಗಿಯ ಮುಖ ಕೆಂಪಾಯಿತು. "ಅಂದ್ರೆ? ನಮ್ಮಮ್ಮ ಊರಿಗೆಲ್ಲ ವಿಷ ಹಂಚಿದ್ಲು ಅಂತ ಬರೀಬೇಕಾ?"

"ಅವಳೇ ಬರಿ ಅಂದ್ಲು ಮಗಳೇ."

"ಸಾಯೋರು ಏನೇನೋ ಅಂತಾರೆ!"

"ಅವಳು ಸಾಯೋ ಹೊತ್ತಲ್ಲೂ ನಮ್ಮಿಬ್ಬರಿಗಿಂತ ನೆಟ್ಟಗಿದ್ಲು. ಹೇಡಿ ನಾನು. ಅಲ್ಲಿ ಜಾಗ ಬಿಟ್ಟಿದ್ದು ನಾನು."

"ಹೌದು, ಹೇಡೀನೇ ನೀನು!" ಹುಡುಗಿ ಕಾಗದ ಎಸೆದಳು. "ಅಮ್ಮನಿಗೂ ಸುಳ್ಳು ಹೇಳ್ದೆ, ನಂಗೂ ಏನೂ ಹೇಳ್ಲಿಲ್ಲ. ಆ ಡ್ರಮ್ಮಿನ ನೀರು ಕುಡಿದೇ ಬೆಳೆದೋಳಲ್ವಾ ನಾನು?"

ಆ ಮಾತು ಆ ಮನೆಯಲ್ಲಿ ಮೊದಲ ಸಲ ಹೊರಗೆ ಬಿದ್ದಿತ್ತು.

ಬಹಳ ಹೊತ್ತಾದ ಮೇಲೆ ಹುಡುಗಿ ಕಾಗದ ಎತ್ತಿಕೊಂಡು ಮಡಿಕೆ ಸರಿಮಾಡಿದಳು. "ಹಿಂಗೇ ಕಳಿಸಿದ್ರೆ ಓದಿದೋರು ನಗ್ತಾರೆ ಚಿಕ್ಕಿ. ಘಮ್ಮನ್ನೋ ಡ್ರಮ್ಮು, ಉರಿ ಡ್ರಮ್ಮು ಅಂತ ಬರ್ದಿದೀಯ. ಒಳಗೆ ಏನಿತ್ತು ಅಂತ ಹೆಸರು ಬೇಡ್ವಾ? ಡ್ರಮ್ಮಿಗೆ ಚೀಟಿ ಅಂಟಿರಲ್ವಾ?"

"ಇರತ್ತೆ. ತೊಳೆಯೋಕೆ ಮುಂಚೆ ಮೇಸ್ತ್ರಿ ಎದುರಿಗೇ ಕೆರೆಸಿ ಬೆಂಕಿಗೆ ಹಾಕಿಸ್ತಾನೆ. ಹೋಗೋವಾಗ ಬುತ್ತಿ ಡಬ್ಬೀನೂ ಬಿಚ್ಚಿ ನೋಡ್ತಾನೆ. ಆ ಇಂಗ್ಲಿಷ್ ಅಕ್ಷರ ನಂಗೆ ಓದಕ್ಕೂ ಬರಲ್ಲ."

ಸೋಮವಾರ ಚಿಕ್ಕಿ ಎದ್ದು ನೋಡಿದರೆ ಹಾಸಿಗೆ ಮಡಿಸಿಟ್ಟಿತ್ತು, ಹುಡುಗಿ ಇರಲಿಲ್ಲ. ಕಾಗದದ ಮೇಲೆ ಒಂದು ಚೂರು ಚೀಟಿ: "ಹೆಸರಿಲ್ಲದೆ ಕಳಿಸಬೇಡ. ಹತ್ತೂವರೆಯ ತನಕ ಅಂಚೆ ಕಚೇರಿಯಲ್ಲಿ ಕಾಯಿ. ನಾನು ಬರದಿದ್ದರೆ ಹಾಗೇ ಹಾಕಿಬಿಡು."

ಚಿಕ್ಕಿ ಬಿದ್ದಂಬೀಳ ಓಡಿದಳು. ಅಂಗಳದ ಬಾಗಿಲು ಆಗಲೇ ಹಾಕಿತ್ತು. ಸರಳಿನ ಸಂದಿಯಿಂದ ತಗಡಿನ ಮಾಡು ಕಾಣುತ್ತಿತ್ತು. ಸ್ಟೂಲಿನ ಮೇಲೆ ಹುಡುಗಿ ಕೂತಿದ್ದಳು. ಅವಳ ಮುಂದೆ ಒಂದು ಡ್ರಮ್ಮು ಉರುಳಿ ಬಂತು. ಹುಡುಗಿ ಎದ್ದು, ಬಗ್ಗಿ, ತಲೆ ಒಳಗೆ ಹಾಕಿದಳು.

"ಬಾರೇ ಈಚೆ!" ಚಿಕ್ಕಿ ಕೂಗಿದಳು.

ಮೇಸ್ತ್ರಿ ಬಾಗಿಲಿಗೆ ಬಂದ. "ಏನೇ ಹಾದರಗಿತ್ತಿ, ಹೊತ್ತು ಮೀರಿ ಬಂದು ಬಾಗಿಲು ಬೇರೆ ಬಡೀತೀಯಾ? ಇವತ್ತು ನಿಂಗೆ ಕೆಲಸ ಇಲ್ಲ, ನಡಿ! ನಿನಗಿಂತ ನಿನ್ನ ಹುಡುಗೀಗೇ ಬುದ್ಧಿ ಇದೆ."

ಡ್ರಮ್ಮಿನೊಳಗಿಂದ ಹುಡುಗಿಯ ದನಿ ಬಂತು. ಅಕ್ಕನದೇ ದನಿ. ಆದರೆ ಮಾತು ಬೇರೆ: "ಆಗಲ್ಲ! ನೀರಿಗೆ ಆಗಲ್ಲ!"

ಅಂಚೆ ಕಚೇರಿ ಒಂಬತ್ತಕ್ಕೆ ತೆಗೆಯಿತು. ಚಿಕ್ಕಿ ಗೋಡೆಯ ಬೆಂಚಿನ ಮೇಲೆ ಕೂತಳು. ಗೋಡೆ ಗಡಿಯಾರ ಒಂದೊಂದು ನಿಮಿಷಕ್ಕೂ ಕಟಕ್ ಎನ್ನುತ್ತಿತ್ತು. ಒಂಬತ್ತೂವರೆ ಆಯಿತು. ಒಂಬತ್ತು ಮುಕ್ಕಾಲು. ಅವಳು ಎದ್ದು ಹೋಗಿ ಮೇಜಿಗೆ ದಾರದಿಂದ ಕಟ್ಟಿದ್ದ ಪೆನ್ನು ಹಿಡಿದಳು. ಕಾಗದ ಬಿಡಿಸಿ, ಖಾಲಿ ಜಾಗದಲ್ಲಿ, ಒಂದೊಂದೇ ಅಕ್ಷರ ಒತ್ತಿ ಬರೆದಳು: "ಈ ಡ್ರಮ್ಮುಗಳು ಕುಡಿಯುವ ನೀರಿಗೆ ಆಗುತ್ತವೆ ಎಂದು ಮೂಸಿ ಹೇಳಿದವಳು ನನ್ನ ಅಕ್ಕ. ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಅವಳಿಗೆ ಹೇಳಲಿಲ್ಲ." ಎರಡು ಸಾಲಿನ ಜಾಗ ಸಾಲದೆ ಅಕ್ಷರ ಅಂಚಿನಲ್ಲಿ ಮೇಲಕ್ಕೆ ಹತ್ತಿದವು.

"ಬರೆಯೋದಾದ್ರೆ ಮನೇಲಿ ಬರ್ಕೊಂಡು ಬರಬೇಕು ಕಣಮ್ಮ," ಎಂದ ಕಿಟಕಿಯ ಗುಮಾಸ್ತ. "ಹನ್ನೊಂದಕ್ಕೆ ಚೀಲ ಕಟ್ತೀನಿ. ಆಮೇಲೆ ನಾಳೆಗೇ."

"ಇನ್ನೊಂದು ಸ್ವಲ್ಪ ಸೇರಿಸೋದಿದೆ ಸಾಮಿ."

ಹತ್ತೂವರೆ ಆಯಿತು. ಹತ್ತು ಮೂವತ್ತೈದು. ಹಾಗೇ ಹಾಕಿಬಿಡು ಎಂದಿದ್ದಳು ಹುಡುಗಿ. ಚಿಕ್ಕಿ ಲಕೋಟೆಯ ಬಾಯಿಗೆ ಎಂಜಲು ಹಚ್ಚಲು ಹೋಗಿ ಕೈ ತಡೆದಳು. ಬಾಯಿಯಲ್ಲಿ ಎಂಜಲೂ ಇರಲಿಲ್ಲ. ಹತ್ತು ನಲವತ್ತು.

ಹತ್ತು ನಲವತ್ತೆಂಟಕ್ಕೆ ಹುಡುಗಿ ಮೆಟ್ಟಿಲು ಹತ್ತಿ ಬಂದಳು. ಕೈ ಖಾಲಿ. ಕಣ್ಣು ಕೆಂಡದ ಹಾಗಾಗಿತ್ತು.

"ಚಹಾ ಕುಡಿಯೋಕೆ ಬಿಟ್ಟಾಗ ಬಂದೆ. ಬಾಗಿಲಲ್ಲಿ ಮೇಸ್ತ್ರಿ ಹಿಡ್ಕೊಂಡಿದ್ದ. ಡಬ್ಬಿ ನೋಡ್ದ, ಚೀಲ ನೋಡ್ದ. ಅಂಗಿ ಒದರು ಅಂದ. ಅಷ್ಟೊತ್ತಿಗೆ ಗಟ್ಟಿಗಂಟಲು ದೊಡ್ಡಮ್ಮ ಬಂದು ಬಾಯಿ ಮಾಡಿದ್ಲು ನೋಡು! ಹೆಣ್ಣುಮಗು ಅಂಗಿ ಮುಟ್ಟಿದ್ರೆ ನಿನ್ನ ಕೈ ಮುರಿದು ಡ್ರಮ್ಮಿಗೆ ತುಂಬ್ತೀನಿ ಸೂಳೆಮಗನೇ ಅಂತ. ಲಾರಿಯೋರೆಲ್ಲ ಬಂದು ನಿಂತ್ರು. ಬಿಟ್ಟ."

ಅವಳು ಗೋಡೆಗೆ ಮುಖ ಮಾಡಿ ನಿಂತು ಅಂಗಿಯ ಮೇಲಿನ ಗುಂಡಿ ಬಿಚ್ಚಿದಳು. ಡ್ರಮ್ಮಿನಿಂದ ಕೆರೆದು ಹಾಕಿದ್ದ ರಾಶಿಯಿಂದ, ಬೆಂಕಿಗೆ ಬೀಳುವ ಮುಂಚೆ ಅವಳು ಕದ್ದ ಒದ್ದೆ ಚೀಟಿಗಳು ಅಂಟಿನ ಸಮೇತ ಮೈಗೇ ಅಂಟಿಕೊಂಡಿದ್ದವು. ಒಂದೊಂದನ್ನೇ ಸುಲಿದು ತೆಗೆದಳು. ಮೂರು. ಮೂರರ ಮೇಲೂ ಹೆಸರು ಸ್ಪಷ್ಟವಾಗಿತ್ತು. ಒಂದರ ಮೇಲೆ ಕಪ್ಪು ತಲೆಬುರುಡೆಯ ಚಿತ್ರ. ಅದಿದ್ದ ಕಡೆ, ಎದೆಯ ಮೇಲೆ, ಚೀಟಿಯಷ್ಟೇ ಅಗಲಕ್ಕೆ ಚರ್ಮ ಬೆಂದ ಹಾಗೆ ಕೆಂಪಾಗಿತ್ತು.

"ಎದೆಗ್ಯಾಕೆ ಇಟ್ಕೊಂಡೆ, ಪಾಪಿ!" ಚಿಕ್ಕಿ ಅವಳ ಅಂಗಿ ಎಳೆದು ಮುಚ್ಚಿದಳು.

"ಇನ್ನೆಲ್ಲಿ ಇಟ್ಕೊಳ್ಳಲಿ? ಬೇರೆ ಎಲ್ಲಾ ಕಡೆ ಅವನು ಕೈ ಹಾಕ್ತಾನೆ."

ಹುಡುಗಿ ಕಾಗದ ಬಿಡಿಸಿ, ಹೊಸದಾಗಿ ತುಂಬಿದ್ದ ಸಾಲುಗಳನ್ನು ಓದಿದಳು. ಎರಡು ಸಲ ಓದಿದಳು. ಆಮೇಲೆ ಅದರ ಕೆಳಗೆ ಮೂರು ಹೆಸರುಗಳನ್ನು ಪುಟ್ಟ ಪುಟ್ಟ ಅಕ್ಷರದಲ್ಲಿ ಬರೆದು, ಚೀಟಿಗಳನ್ನು ಒಳಗಿಟ್ಟು ಮಡಿಸಿ ಲಕೋಟೆ ಮುಚ್ಚಿದಳು.

ಗುಮಾಸ್ತ ಲಕೋಟೆ ಹಿಡಿದು ಮುಖ ಕಿವುಚಿದ. "ಏನಮ್ಮ ಇದು, ಒದ್ದೆ ಇದೆ! ಒಣಗಿಸ್ಕೊಂಡು ನಾಳೆ ತನ್ನಿ."

"ಇವತ್ತೇ ಹೋಗ್ಬೇಕು ಸಾಮಿ," ಎಂದಳು ಚಿಕ್ಕಿ. "ರಿಜಿಸ್ಟರಿ."

"ರಿಜಿಸ್ಟರಿ ಆದ್ರೆ ಕಳಿಸಿದೋರ ಹೆಸರು ಬೇಕು. ಯಾರದ್ದು?"

ಇಬ್ಬರೂ ಒಟ್ಟಿಗೇ ತಮ್ಮ ತಮ್ಮ ಹೆಸರು ಹೇಳಿದರು.

"ಒಬ್ಬರದು ಹೇಳಿ."

"ಇಬ್ಬರದೂ ಬರೀರಿ. ಜಾಗ ಇದೆಯಲ್ಲ."

ಗುಮಾಸ್ತ ಗೊಣಗಿಕೊಂಡೇ ಬರೆದ. ಮುದ್ರೆ ಎತ್ತಿ ಎರಡು ಸಲ ಗುದ್ದಿದ. ಲಕೋಟೆಯನ್ನು ಹಿಂದಕ್ಕೆ ನೋಡದೆ ಚೀಲಕ್ಕೆ ಎಸೆದು, ಚೀಲದ ಬಾಯನ್ನು ಮುಷ್ಟಿಯಲ್ಲಿ ಹಿಡಿದು ದಾರ ಸುತ್ತತೊಡಗಿದ. ಹುಡುಗಿ ಅದನ್ನೇ ನೋಡುತ್ತಾ ನಿಂತಿದ್ದಳು. ಅವಳ ಕೈ ಅಂಗಿಯೊಳಗೆ ಹೋಗಿ, ಆ ಕೆಂಪು ಜಾಗವನ್ನು ಕೆರೆಯುತ್ತಲೇ ಇತ್ತು.